ಐದನೆಯವಳಿಗೆ ಹೇಳುವ ಬಗೆ

ನಮ್ಮ ಸೂಪರ್‌ವೈಸರಮ್ಮನಿಗೆ ನಾಲ್ಕು ನಾಲಿಗೆ ಎಂದು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದೆವು. ಆಡಿಕೊಂಡವರಲ್ಲಿ ನಾನೇ ಮುಂದು, ಸುಳ್ಳು ಯಾಕೆ ಹೇಳಲಿ. ದೊಡ್ಡ ಆಸ್ಪತ್ರೆಯ ಹಿಂಭಾಗದಲ್ಲಿ, ಔಷಧದ ಉಗ್ರಾಣ ದಾಟಿದ ಮೇಲೆ ಸಿಗುವ ಲಾಂಡ್ರಿಯನ್ನು ಅವರು ಇಪ್ಪತ್ತಾರು ವರ್ಷ ನಡೆಸಿದರು. ಗಿಡ್ಡ ಹೆಂಗಸು, ಕಾಲಿಗೆ ರಬ್ಬರ್ ಬೂಟು, ಕಿವಿಯ ಮೇಲೊಂದು ಪೆನ್ಸಿಲು. ಮದುವೆಯಾಗಿರಲಿಲ್ಲ, ಮನೆಯಲ್ಲಿ ಒಬ್ಬರೇ. ಆಸ್ಪತ್ರೆಯ ಚಾದರ, ದಿಂಬಿನ ಚೀಲ, ರೋಗಿಗಳ ಅಂಗಿ, ಯಾವುದೂ ಅವರ ಕಣ್ಣು ತಪ್ಪಿಸಿ ಹೊರಗೆ ಹೋಗುವಂತಿರಲಿಲ್ಲ.

ನಾಲ್ಕು ನಾಲಿಗೆ ಯಾಕೆ ಎಂದರೆ ಕೆಲಸದವರು ನಾಲ್ಕು ಜನ, ಒಬ್ಬೊಬ್ಬರದೂ ಒಂದೊಂದು ಸೊಟ್ಟ. ಬಾಯ್ಲರ್ ಅಣ್ಣನಿಗೆ ಬಾಯಲ್ಲಿ ಏನು ಹೇಳಿದರೂ ಎಮ್ಮೆ ಮೇಲೆ ಮಳೆ ಸುರಿದ ಹಾಗೆ. ಅದಕ್ಕೇ ಅವರು ಚೀಟಿ ಬರೆದು ಬಾಯ್ಲರ್ ಪಕ್ಕದ ಮೊಳೆಗೆ ಸಿಕ್ಕಿಸುತ್ತಿದ್ದರು. ‘ಏಳೂವರೆಗೆ ಆವಿ.’ ಅಷ್ಟೇ. ಅವನು ಓದಿ, ಚೀಟಿಯನ್ನು ಜೇಬಿಗೆ ಹಾಕಿಕೊಂಡು, ಒಂದು ನಿಮಿಷ ಹೆಚ್ಚುಕಮ್ಮಿ ಮಾಡದೆ ನಡೆಸಿಕೊಡುತ್ತಿದ್ದ. ಒಗೆಯುವ ಯಂತ್ರಗಳನ್ನು ನೋಡಿಕೊಳ್ಳುವವನು ತಕರಾರು ಮಾವ. ಅವನಿಗೆ ಏನು ಹೇಳಿದರೂ ಉಲ್ಟಾ ಹೇಳಬೇಕು.

“ಆಪರೇಷನ್ ಥಿಯೇಟರ್ ಬಟ್ಟೆ ಹತ್ತು ಗಂಟೆಯೊಳಗೆ ಆಗಲ್ಲ ಬಿಡಿ ಮಾವ” ಎನ್ನುತ್ತಿದ್ದರು ಸೂಪರ್‌ವೈಸರಮ್ಮ, ಬೇಸರದ ಮುಖ ಮಾಡಿಕೊಂಡು.

“ಯಾಕಾಗಲ್ಲ? ಯಾರು ಹೇಳಿದ್ದು ಆಗಲ್ಲ ಅಂತ?”

ಒಂಬತ್ತೂವರೆಗೆ ಬಟ್ಟೆ ತಯಾರು. ಇಸ್ತ್ರಿಯಕ್ಕನ ವಿಷಯ ಬೇರೆ. ಅವಳ ಹತ್ತಿರ ಕೆಲಸದ ಮಾತು ಎತ್ತುವ ಮೊದಲು ಮಗಳ ಕೆಮ್ಮು, ಅತ್ತೆಯ ಮಂಡಿನೋವು, ಮನೆಯ ನಲ್ಲಿಯ ನೀರು ಇವೆಲ್ಲವನ್ನೂ ವಿಚಾರಿಸಬೇಕು. ವಿಚಾರಿಸದೆ ಹೋದರೆ ಅವತ್ತಿಡೀ ಮುಖ ಊದಿಸಿಕೊಂಡು ಕಾಲರುಗಳನ್ನೆಲ್ಲ ಸುಡುತ್ತಿದ್ದಳು. ನಾಲ್ಕನೆಯವಳು ನಾನು, ಮಡಿಸುವ ಮೇಜಿನವಳು. ನನಗೆ ಯಾರಾದರೂ ‘ಹೀಗೆ ಮಾಡು’ ಎಂದರೆ ಮೈಯೆಲ್ಲ ಉರಿಯುತ್ತದೆ. ನಮ್ಮಮ್ಮ ಹೇಳಿದರೂ ಅಷ್ಟೇ, ದೇವರು ಬಂದು ಹೇಳಿದರೂ ಅಷ್ಟೇ.

ಸೇರಿದ ಮೊದಲ ದಿನ ನಾನು ಚಾದರಗಳನ್ನು ಅಂಚು ಹೊರಗೆ ಮಾಡಿ ಮಡಿಸುತ್ತಿದ್ದೆ. ಅವರು ಬಂದರು, ನನ್ನ ಪಕ್ಕ ನಿಂತರು, ಒಂದು ಮಾತಿಲ್ಲ. ಒಂದು ಚಾದರ ಎತ್ತಿಕೊಂಡು ಅಂಚು ಒಳಗೆ ಹೋಗುವಂತೆ ಮಡಿಸಿ ಮೇಜಿನ ಎಡಮೂಲೆಯಲ್ಲಿಟ್ಟು ಹೊರಟುಹೋದರು. ಹನ್ನೊಂದು ವರ್ಷ ನನ್ನ ಜೊತೆ ಅವರ ಕೆಲಸದ ಮಾತುಕತೆಯೆಲ್ಲ ಆ ಎಡಮೂಲೆಯಲ್ಲೇ ನಡೆಯಿತು. ಕೆಲಸ ತೀರಾ ಚೆನ್ನಾಗಿ ಆಗಿದ್ದರೆ ಮಡಿಸಿದ ಚಾದರದ ಒಂದು ತುದಿಯನ್ನು ಕಿವಿಯ ಹಾಗೆ ಮೇಲಕ್ಕೆ ಮಗುಚಿಡುತ್ತಿದ್ದರು. ಅಷ್ಟು ವರ್ಷದಲ್ಲಿ ಆ ಕಿವಿ ನನಗೆ ಸಿಕ್ಕಿದ್ದು ಎರಡೇ ಸಲ. ಇದು ನಮ್ಮಿಬ್ಬರ ಗುಟ್ಟು, ಮೂರನೆಯವರಿಗೆ ಗೊತ್ತಿರಲಿಲ್ಲ.

ಇನ್ನು ಐದನೆಯದಕ್ಕೆ ಬರುತ್ತೇನೆ.

ಬಟ್ಟೆ ಒಣಗಿಸುವ ಕೋಣೆ ನಮ್ಮಲ್ಲಿ ಉದ್ದಕ್ಕೆ, ಕಿಟಕಿಯಿಲ್ಲದೆ, ಕಬ್ಬಿಣದ ಬಾಗಿಲಿನದು. ಒಳಗೆ ನಾಲ್ಕು ಸಾಲು ತಂತಿ, ಗೋಡೆಗುಂಟ ಸೊಂಟದೆತ್ತರಕ್ಕೆ ಆವಿಯ ಕೊಳವೆ. ಒದ್ದೆ ಚಾದರ ಹಾಕಿಬಿಟ್ಟರೆ ಬಾಗಿಲಲ್ಲಿ ನಿಂತವರಿಗೆ ಕೊನೆಯ ಸಾಲು ಕಾಣುವುದಿಲ್ಲ. ನಾನೂ ಮಾವನೂ ಬಟ್ಟೆ ಹಾಕುತ್ತೇವೆ, ಹೊರಗೆ ಬರುತ್ತೇವೆ, ಮಾವ ಮತ್ತೊಮ್ಮೆ ಕೊನೆಯವರೆಗೆ ಹೋಗಿ ಯಾರೂ ಇಲ್ಲ ಎಂದು ನೋಡಿಕೊಂಡು ಬರುತ್ತಾನೆ, ಬಾಗಿಲಿಗೆ ಅಡ್ಡಪಟ್ಟಿ ಬೀಳುತ್ತದೆ. ಆಮೇಲೆ ಆವಿ. ಒಳಗೆ ಯಾರಾದರೂ ಉಳಿದರೆ ಕಾಲು ಗಂಟೆ ತಡೆಯಲಾರರು.

ಆವಿ ಬಿಡುವ ಮುಂಚೆ ದಿನವೂ ಸೂಪರ್‌ವೈಸರಮ್ಮ ಬಾಗಿಲ ಪಕ್ಕ ಹೊರಗೆ ಹಾದ ಕೊಳವೆಗೆ ಸ್ಪಾನರಿನಿಂದ ಎರಡು ಸಲ ಬಡಿಯುತ್ತಿದ್ದರು. ಠಣ್, ಠಣ್. ಆಮೇಲೆ ಅಂಗೈಯನ್ನು ಕೊಳವೆಯ ಮೇಲಿಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರ ಮುಖ ಬಾಡುತ್ತಿತ್ತು. ಸ್ಪಾನರನ್ನು ಕೊಂಡಿಗೆ ತೂಗುಹಾಕಿ, ಬಾಯ್ಲರ್ ಅಣ್ಣನಿಗೆ ಚೀಟಿ ಸಿಕ್ಕಿಸಲು ಹೋಗುತ್ತಿದ್ದರು.

“ಯಾರಿಗಮ್ಮ ಬಡೀತೀರಾ?” ಎಂದು ಒಮ್ಮೆ ಕೇಳಿದೆ.

“ಒಬ್ಬಳಿಗೆ ಹೇಳೋದು ಬಾಕಿ ಇದೆ” ಎಂದರು, ಅಷ್ಟೇ.

ಕಥೆ ಸಿಕ್ಕಿದ್ದು ಇಸ್ತ್ರಿಯಕ್ಕನಿಂದ, ಅದೂ ಅವಳ ಅತ್ತೆಯ ಮಂಡಿನೋವು ಪೂರ್ತಿ ಕೇಳಿದ ಮೇಲೆ. ಸೂಪರ್‌ವೈಸರಮ್ಮ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಲ್ಲೊಬ್ಬ ಹುಡುಗಿ ಇದ್ದಳಂತೆ. ಎಲ್ಲರೂ ಪುಟ್ಟಿ ಎನ್ನುತ್ತಿದ್ದರು. ಹುಟ್ಟಿನಿಂದಲೇ ಕಿವಿ ಕೇಳಿಸದವಳು, ಮಾತೂ ಇಲ್ಲ. ಒಣಗಿಸುವ ಕೋಣೆಯಲ್ಲಿ ಬಟ್ಟೆ ಹಾಕುವುದು ಅವಳ ಕೆಲಸ. ಹಿಂದಿನ ಮೇಲ್ವಿಚಾರಕ ಅಜ್ಜ ಅವಳಿಗಾಗಿ ಕೊಳವೆಯ ಪಾಠ ಮಾಡಿದ್ದ. ಎರಡು ಬಡಿದರೆ ‘ಹೊರಗೆ ಬಾ’. ಅವಳು ಒಂದು ಬಡಿದರೆ ‘ಇನ್ನೂ ಒಳಗಿದ್ದೀನಿ’. ಹೊರಗೆ ಬಂದ ಮೇಲೆ ಬಾಗಿಲ ಪಕ್ಕದ ಕೊಳವೆಗೆ ಮೂರು ಬಡಿದರೆ ‘ಬಂದಾಯ್ತು’. ಕಬ್ಬಿಣ ನಡುಗುವುದು ಅವಳ ಕೈಗೆ ಗೊತ್ತಾಗುತ್ತಿತ್ತು.

ಅಜ್ಜ ನಿವೃತ್ತನಾದ. ಹೊಸ ಸೂಪರ್‌ವೈಸರಮ್ಮನಿಗೆ ಮೂವತ್ತೆರಡು ವರ್ಷ, ಎಲ್ಲವನ್ನೂ ಸರಿ ಮಾಡಿಬಿಡುವ ಹುರುಪು. ಒಬ್ಬೊಬ್ಬರಿಗೆ ಒಂದೊಂದು ಥರ ಹೇಳುವುದೆಂಥದ್ದು, ಎಲ್ಲರಿಗೂ ಒಂದೇ ನಿಯಮ ಇರಲಿ ಎಂದು ದೊಡ್ಡದೊಂದು ಕರೆಂಟಿನ ಬೆಲ್ ಹಾಕಿಸಿದರು. ಬೆಲ್ ಬಡಿದರೆ ಎಲ್ಲರೂ ಹೊರಗೆ. ಎಂಟು ದಿನ ಚೆನ್ನಾಗಿಯೇ ನಡೆಯಿತು, ಯಾಕೆಂದರೆ ಪುಟ್ಟಿ ಉಳಿದವರು ಹೊರಡುವುದನ್ನು ನೋಡಿ ತಾನೂ ಹೊರಡುತ್ತಿದ್ದಳು. ಒಂಬತ್ತನೆಯ ದಿನ ಅವಳೊಬ್ಬಳೇ ಕೊನೆಯ ಸಾಲಿನಲ್ಲಿದ್ದಳು. ಬೆಲ್ ಬಡಿಯಿತು, ಬಾಗಿಲು ಬಿತ್ತು, ಆವಿ ಹೋಯಿತು. ಒಳಗಿನಿಂದ ಒಂದೇ ಒಂದು ಬಡಿತ ಕೇಳಿಸಿತಂತೆ.

“ಬಿಸಿಗೆ ಕೊಳವೆ ಸದ್ದು ಮಾಡ್ತಿದೆ ಅಂದ್ಲು ನಮ್ಮ ಸೂಪರ್‌ವೈಸರಮ್ಮ” ಎಂದು ಇಸ್ತ್ರಿಯಕ್ಕ ದನಿ ತಗ್ಗಿಸಿದಳು. “ಅಂದುಬಿಟ್ಟು ರಿಜಿಸ್ಟರಿಗೆ ಸಹಿ ಹಾಕೋಕೆ ಹೋದ್ಲು. ಅವತ್ತಿಂದ ಆ ಕೋಣೆಯೊಳಗೆ ಕಾಲಿಟ್ಟಿಲ್ಲ. ಆ ಬೆಲ್ಲನ್ನ ಅವಳೇ ಕಿತ್ತು ಬಿಸಾಕಿದ್ದು.”

ನಾನು ಬುತ್ತಿ ಮುಚ್ಚಿಟ್ಟೆ. ನಾಲ್ಕು ನಾಲಿಗೆ ಎಂದು ನಾನು ಆಡಿಕೊಂಡು ನಗುತ್ತಿದ್ದುದು ಇದನ್ನು.

ಅವರು ನಿವೃತ್ತರಾದ ದಿನ ನನ್ನನ್ನೇ ಅವರ ಜಾಗಕ್ಕೆ ಹಾಕಿದರು. ಮಡಿಸುವುದಕ್ಕೆ ಬೇರೆ ಜನ ಕೊಡಲಿಲ್ಲ, ಎರಡೂ ನನ್ನ ತಲೆಗೇ ಬಂತು. ಹೋಗುವ ಮುಂಚೆ ಸೂಪರ್‌ವೈಸರಮ್ಮ ಸ್ಪಾನರನ್ನು ನನ್ನ ಕೈಗಿಟ್ಟರು. ಆವತ್ತು ಮಾತ್ರ ಮನಸ್ಸು ಬಿಚ್ಚಿ ಮಾತಾಡಿದರು.

“ದಿನಾ ಎರಡು ಬಡಿ. ಕೈ ಇಟ್ಟು ನೋಡು. ಇಷ್ಟು ವರ್ಷ ಒಂದೇ ಬರ್ತಿದೆ. ಒಳಗಿದ್ದೀನಿ ಅಂತಾಳೆ, ನಾನು ಆವಿ ಬಿಡ್ತೀನಿ. ಬಿಡದೆ ಏನು ಮಾಡ್ಲಿ, ಮೇಲೆ ರೋಗಿಗಳು ಚಾದರಕ್ಕೆ ಕಾಯ್ತಿರ್ತಾರೆ. ದಿನಾ ಅವಳ ಮೇಲೇ ಬಿಡ್ತೀನಿ ಕಣೇ. ಯಾವತ್ತಾದ್ರೂ ಮೂರು ಬಂದ್ರೆ ನಂಗೆ ಹೇಳು. ಅಷ್ಟು ಗೊತ್ತಾದ್ರೆ ಸಾಕು.”

ವಯಸ್ಸಾಯಿತು, ಪಾಪ, ತಲೆ ಸ್ವಲ್ಪ ಹಾಗೆ ಎಂದುಕೊಂಡೆ. ಮಾರನೆಯ ದಿನ ಬೆಳಿಗ್ಗೆ, ಮಾತು ಕೊಟ್ಟ ತಪ್ಪಿಗೆ, ಎರಡು ಬಡಿದು ಕೈ ಇಟ್ಟೆ. ಅಂಗೈಯ ಕೆಳಗೆ ಕೊಳವೆ ಒಮ್ಮೆ ನಡುಗಿತು. ಠಣ್. ಕೂದಲು ಬಾಚಿದ ಹಾಗೆ ನನ್ನ ನೆತ್ತಿಯ ಮೇಲೆ ಏನೋ ಹರಿದುಹೋಯಿತು.

“ಕೊಳವೆ ಬಿಸಿಗೆ ಹಿಗ್ಗುತ್ತೆ” ಎಂದ ಬಾಯ್ಲರ್ ಅಣ್ಣ.

ಹಿಗ್ಗಲಿ. ಆದರೆ ಆವಿ ಇನ್ನೂ ಬಿಟ್ಟಿರಲಿಲ್ಲ, ಕೊಳವೆ ನನ್ನ ಕೈಯಡಿ ತಣ್ಣಗೆ ಕೊರೆಯುತ್ತಿತ್ತು. ಅವನಿಗೂ ಅದು ಗೊತ್ತಿತ್ತು. ಅವನು ನನ್ನ ಮುಖ ನೋಡದೆ ಚೀಟಿಗಾಗಿ ಮೊಳೆಯ ಕಡೆ ನೋಡಿದ.

ಹೆದರಿಕೆಯ ಜೊತೆಗೇ ನನಗೆ ಅಧಿಕಾರದ ಅಮಲೂ ಇತ್ತು ಎನ್ನುವುದನ್ನು ಒಪ್ಪಿಕೊಳ್ಳಬೇಕು. ನಾನು ಯಾರ ಅತ್ತೆಯ ಮಂಡಿಯನ್ನೂ ವಿಚಾರಿಸುವವಳಲ್ಲ. ಗೋಡೆಗೆ ಕರಿ ಹಲಗೆ ಹಾಕಿ ಎಲ್ಲರ ಕೆಲಸವನ್ನೂ ಅದರ ಮೇಲೆ ಬರೆದೆ, ಬಂದು ಓದಿಕೊಳ್ಳಿ ಎಂದೆ. ಮೂರೇ ದಿನ. ಬಾಯ್ಲರ್ ಅಣ್ಣ ಹಲಗೆಯ ಕಡೆ ತಿರುಗಿಯೂ ನೋಡದೆ ಖಾಲಿ ಮೊಳೆಯ ಮುಂದೆ ಕೂತ. ಮಾವ ಹಲಗೆಯ ಜೊತೆಗೇ ಜಗಳಕ್ಕೆ ನಿಂತ. ಇಸ್ತ್ರಿಯಕ್ಕ ಅತ್ತು ರಜ ಹಾಕಿದಳು. ಮೇಲಿನ ವಾರ್ಡಿನ ದೊಡ್ಡ ನರ್ಸಮ್ಮ ಫೋನಿನಲ್ಲಿ ನನಗೆ ಮಂಗಳಾರತಿ ಎತ್ತಿದರು. ನಾಲ್ಕನೆಯ ದಿನ ಹಲಗೆ ತಿರುಗಿಸಿಟ್ಟು, ಚೀಟಿ ಹರಿದು, ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡೆ. ಸಂಜೆ ಮನೆಗೆ ಹೋದರೆ ನನ್ನ ಸ್ವಂತ ಮಾತು ಯಾವುದು ಎನ್ನುವುದೇ ಮರೆತಿರುತ್ತಿತ್ತು. ಇಪ್ಪತ್ತಾರು ವರ್ಷ ಆ ಹೆಂಗಸು ಹೇಗೆ ತಾಳಿಕೊಂಡರೋ.

ಎಂಟು ತಿಂಗಳಾಗುವಷ್ಟರಲ್ಲಿ ಅವರನ್ನು ನಮ್ಮ ಆಸ್ಪತ್ರೆಗೇ ತಂದು ಸೇರಿಸಿದರು. ಮೊದಲನೆಯ ಮಹಡಿ, ಹೆಂಗಸರ ವಾರ್ಡು, ಕಿಟಕಿಯ ಪಕ್ಕದ ಕಬ್ಬಿಣದ ಮಂಚ. ಶ್ವಾಸಕೋಶ ಹೋಗಿತ್ತು. ಊಟದ ಬಿಡುವಿನಲ್ಲಿ ದಿನವೂ ಹೋಗುತ್ತಿದ್ದೆ. ಹೋದ ಕೂಡಲೇ ಒಂದೇ ಪ್ರಶ್ನೆ.

“ಮೂರು ಬಂತಾ?”

“ಇಲ್ಲಮ್ಮ.”

ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಇನ್ನು ಎರಡು ಮೂರು ದಿನ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ ದಿನ ನಾನು ವಾಪಸು ಮಂಚದ ಪಕ್ಕ ಬಂದು ಕೂತೆ. ಹೀಗೆ ಕೇಳುತ್ತಲೇ ಹೋಗಿಬಿಡುತ್ತಾರಲ್ಲ ಎನ್ನಿಸಿತು. ಅವರ ಕೈ ಮಂಚದ ಸರಳಿನ ಮೇಲಿತ್ತು. ನಾನು ಬಗ್ಗಿ, ಅವರಿಗೆ ಕಾಣದ ಹಾಗೆ, ಮಂಚದ ಕಾಲಿಗೆ ಚಮಚದಿಂದ ಮೂರು ಸಲ ಬಡಿದೆ. ಠಣ್ ಠಣ್ ಠಣ್.

ಅವರು ಸರಳನ್ನು ಬಿಗಿಯಾಗಿ ಹಿಡಿದರು. ಆಮೇಲೆ ಸಡಿಲಬಿಟ್ಟರು.

“ಇದು ನಿನ್ನ ಕೈ” ಎಂದರು. ಸಿಟ್ಟಿರಲಿಲ್ಲ. “ನಿಂದು ಅವಸರದ ಕೈ. ಅವಳದು ನಂಗೆ ಗೊತ್ತಿಲ್ವಾ.”

ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಒಬ್ಬೊಬ್ಬರ ಬಗೆಯನ್ನೂ ಅಷ್ಟು ಬಲ್ಲವರಿಗೆ ಮೋಸ ಮಾಡಲು ಹೋಗಿದ್ದೆ. ಹೊರಡುವಾಗ ಅವರು ನನ್ನ ಏಪ್ರನ್ನಿನ ತುದಿ ಹಿಡಿದೆಳೆದು, “ನಾನು ಸರಿಯಾಗೇ ಬಡೀತಿದ್ದೆ ತಾನೇ? ಎರಡೇ ತಾನೇ ಬಡೀಬೇಕಿದ್ದು?” ಎಂದರು. ಆ ಪ್ರಶ್ನೆ ನನ್ನ ತಲೆಯಲ್ಲಿ ಹುಳದ ಹಾಗೆ ಹೊಕ್ಕಿತು. ನಿಜವೇ, ಇವರಿಗೆ ಅದನ್ನು ಪೂರ್ತಿ ಹೇಳಿಕೊಟ್ಟವರು ಯಾರು? ಅಜ್ಜ ಇವರು ಬರುವಷ್ಟರಲ್ಲಿ ಹೋಗಿದ್ದ. ಆ ದಿನ ಕಳೆದ ಮೇಲೆ ಪುಟ್ಟಿಯ ಹೆಸರನ್ನೇ ಯಾರೂ ಇವರೆದುರು ಎತ್ತಲಿಲ್ಲ, ಇವರೂ ಕೇಳಲಿಲ್ಲ. ಬೆಲ್ ಬರುವ ಮೊದಲಿನ ಕೆಲವು ದಿನ ಕಂಡಷ್ಟನ್ನು ಕಲಿತಿದ್ದರು. ಅಜ್ಜನ ಕಾಲದಿಂದ ಕೋಣೆಯಲ್ಲಿ ಕೆಲಸ ಮಾಡಿದವನು ಒಬ್ಬನೇ ಉಳಿದಿದ್ದ, ತಕರಾರು ಮಾವ. ಅವನನ್ನು ನೇರವಾಗಿ ಕೇಳಿದರೆ ಬಾಯಿಗೆ ಬೀಗ.

ಮಾರನೆಯ ಬೆಳಿಗ್ಗೆ ಯಂತ್ರದ ಪಕ್ಕ ನಿಂತು, “ಆ ಅಜ್ಜ ಏನು ಮಹಾ ಮಾಡ್ತಿದ್ದ ಮಾವ” ಎಂದೆ. “ಎರಡು ಬಡಿದು ಸುಮ್ನೆ ನಿಲ್ತಿದ್ದ. ನಾವೂ ಅದನ್ನೇ ಮಾಡೋದು.”

“ಯಾರು ಹೇಳಿದ್ದು ಸುಮ್ನೆ ನಿಲ್ತಿದ್ದ ಅಂತ?”

“ನಿಲ್ಲದೆ ಇನ್ನೇನು ಮಾಡ್ತಾನೆ.”

“ಥತ್. ಏನೂ ಗೊತ್ತಿಲ್ಲದೆ ಮಾತಾಡ್ತೀಯಲ್ಲ” ಎಂದು ಮಾವ ಯಂತ್ರ ನಿಲ್ಲಿಸಿಯೇಬಿಟ್ಟ. “ಒಂದು ಬಂದ್ರೆ ಅಜ್ಜ ಒಳಗೆ ಹೋಗ್ತಿದ್ದ. ಕೊನೇ ಸಾಲಲ್ಲಿ ಚಾದರ ಭಾರ, ಎರಡೂ ಕೈಲಿ ಎತ್ತಿ ಹಿಡಿದಿರ್ತಾಳೆ, ಮೊಣಕೈಯಿಂದ ಒಂದು ಬಡೀತಾಳೆ. ಅಜ್ಜ ಹೋಗಿ ಇನ್ನೊಂದು ತುದಿ ಹಿಡಿದು ತಂತಿಗೆ ಹಾಕೋನು. ಭುಜ ಮುಟ್ಟೋನು. ಮುಂದೆ ನಡೆಯೋನು. ಅವಳು ಅವನ ಏಪ್ರನ್ನಿನ ದಾರ ಹಿಡ್ಕೊಂಡು ಹಿಂದೆ ಬರೋಳು. ಕರ್ಕೊಂಡು ಬರ್ಬೇಕು ಅವಳನ್ನ. ಬಡಿದು ನಿಂತ್ಕೊಂಡ್ರೆ ಬರ್ತಾಳಾ?”

“ಇದನ್ನ ಅಮ್ಮಂಗೆ ಯಾಕೆ ಹೇಳ್ಲಿಲ್ಲ ಮಾವ?”

ಮಾವನ ಬಾಯಲ್ಲಿ ಮೊದಲ ಸಲ ತಕರಾರು ಬರಲಿಲ್ಲ. “ಅವಳು ಕೇಳ್ಲಿಲ್ಲ” ಎಂದ. ಆಮೇಲೆ, “ಹೇಗೆ ಹೇಳ್ಲಿ” ಎಂದ.

ಏಳು ಗಂಟೆ ಇಪ್ಪತ್ತು ನಿಮಿಷ. ಬಟ್ಟೆ ಹಾಕಿಯಾಗಿತ್ತು, ಮಾವ ಒಳಗೆ ನೋಡಿ ಬಂದಾಗಿತ್ತು. ನಾನು ಬಾಯ್ಲರ್ ಅಣ್ಣನಿಗೆ ‘ನಾನು ಹೇಳುವ ತನಕ ಆವಿ ಬೇಡ’ ಎಂದು ಚೀಟಿ ಸಿಕ್ಕಿಸಿ, ಇಸ್ತ್ರಿಯಕ್ಕನನ್ನೂ ಮಾವನನ್ನೂ ಬಾಗಿಲಲ್ಲಿ ನಿಲ್ಲಿಸಿದೆ. ಎರಡು ಬಡಿದೆ. ಒಂದು ಬಂತು. ಸ್ಪಾನರನ್ನು ಕೊಂಡಿಗೆ ಹಾಕಿ ಒಳಗೆ ಹೋದೆ.

ದಿನಕ್ಕೆ ಹತ್ತು ಸಲ ಹೋಗುವ ಕೋಣೆ. ಆದರೂ ಹೆಜ್ಜೆ ಎಣಿಸಿಕೊಂಡು ನಡೆದೆ. ಚಾದರಗಳಿಂದ ತೊಟ್ಟಿಕ್ಕುವ ನೀರಿನ ಸದ್ದು, ಸೋಪಿನ ಕಮಟು. ಒಂದನೆಯ ಸಾಲು, ಎರಡನೆಯದು, ಮೂರನೆಯದು. ಕೊನೆಯ ಸಾಲಿನ ಕೊನೆಯ ಚಾದರವನ್ನು ಹತ್ತು ನಿಮಿಷದ ಹಿಂದೆ ನಾನೇ ನೀಟಾಗಿ ಎಳೆದು ಹಾಕಿದ್ದೆ. ಈಗ ಅದರ ಒಂದು ತುದಿ ಮಾತ್ರ ತಂತಿಯ ಮೇಲಿತ್ತು. ಇನ್ನೊಂದು ತುದಿ ತಂತಿಯ ಮೇಲಿರಲಿಲ್ಲ, ಕೆಳಕ್ಕೂ ಬಿದ್ದಿರಲಿಲ್ಲ. ಕತ್ತಿನ ಎತ್ತರದಲ್ಲಿ ಹಾಗೇ ನಿಂತಿತ್ತು.

ಕಿರುಚಿಕೊಂಡು ಓಡಿಬಿಡುತ್ತಿದ್ದೆ. ಓಡದಂತೆ ಹಿಡಿದದ್ದು ಒಂದೇ, ಅಷ್ಟು ಹೊತ್ತು ಕೈ ಎತ್ತಿ ನಿಂತವರಿಗೆ ಎಷ್ಟು ನೋಯುತ್ತಿರಬೇಕು ಎನ್ನುವ ಯೋಚನೆ. ನಾನು ಆ ತುದಿಯನ್ನು ಹಿಡಿದೆ. ಆ ಕಡೆಯಿಂದ ಭಾರ ನನ್ನ ಕೈಗೆ ಬಂತು. ಯಾರೋ ಬಿಟ್ಟುಕೊಟ್ಟ ಹಾಗೆ, ನಿಧಾನವಾಗಿ ಬಂತು. ತಂತಿಗೆ ಹಾಕಿದೆ. ಒದ್ದೆ ಬಟ್ಟೆಯ ಮೇಲಿಂದ ಭುಜ ಇರಬೇಕಾದ ಜಾಗಕ್ಕೆ ಕೈ ಇಟ್ಟೆ. ಅಲ್ಲಿ ಭುಜ ಇತ್ತು. ಸಣ್ಣ ಭುಜ, ಮೂಳೆ ತಾಕುವಂಥದ್ದು.

ತಿರುಗಿ ನಡೆದೆ. ನಾಲ್ಕು ಹೆಜ್ಜೆಗೆ ನನ್ನ ಬೆನ್ನ ಹಿಂದೆ ಏಪ್ರನ್ನಿನ ದಾರ ಬಿಗಿಯಿತು. ಎಳೆಯುತ್ತಿರಲಿಲ್ಲ, ಹಿಡಿದುಕೊಂಡಿತ್ತು ಅಷ್ಟೇ. ನಾನು ಹಿಂದೆ ನೋಡಲಿಲ್ಲ. “ಬಾ ಪುಟ್ಟಿ” ಎಂದೆ, ಅವಳಿಗೆ ಕೇಳಿಸದು ಎಂದು ಗೊತ್ತಿದ್ದೂ. ಬಾಗಿಲಲ್ಲಿ ನಿಂತಿದ್ದ ಇಸ್ತ್ರಿಯಕ್ಕ ನನ್ನ ಸೊಂಟದ ಹಿಂದೆ ನೋಡುತ್ತ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಹೊಸ್ತಿಲು ದಾಟಿದೆ. ದಾರ ಸಡಿಲವಾಯಿತು.

ಬಾಗಿಲ ಪಕ್ಕದ ಕೊಳವೆಯ ಹತ್ತಿರ ಯಾರೂ ಇರಲಿಲ್ಲ. ಸ್ಪಾನರು ಕೊಂಡಿಯಲ್ಲೇ ಇತ್ತು. ಠಣ್. ಠಣ್. ಆಮೇಲೆ ಏನೂ ಇಲ್ಲ. ಎರಡೇ. ಇಷ್ಟಾದರೂ ಎರಡೇ ಆಯಿತಲ್ಲ ಎಂದುಕೊಂಡೆ. ಮಾವ ಕೈಯೆತ್ತಿ ತಡಿ ಎಂದು ಸನ್ನೆ ಮಾಡಿದ. ಠಣ್.

“ಅವಳ ಮೂರನೇದು ಯಾವಾಗ್ಲೂ ತಡ” ಎಂದ ಮಾವ. ಅವನ ಗಡ್ಡದ ಮೇಲೆ ನೀರು ಇಳಿಯುತ್ತಿತ್ತು.

ನಾನು ಓಡಿದೆ. ಬೂಟಿನಲ್ಲೇ, ಉಗ್ರಾಣದ ಪಕ್ಕದಿಂದ, ಮೆಟ್ಟಿಲು ಹತ್ತಿ, ವಾರ್ಡಿನ ನೆಲವೆಲ್ಲ ನೀರು ಮಾಡುತ್ತ. ಕಿಟಕಿಯ ಪಕ್ಕದ ಮಂಚದ ಸುತ್ತ ಪರದೆ ಎಳೆದಿದ್ದರು.

“ಐದು ನಿಮಿಷ ಆಯ್ತು” ಎಂದಳು ನರ್ಸು. “ಸರಳು ಹಿಡಿದಿದ್ದ ಕೈ ಬಿಡಿಸೋಕೇ ಆಗ್ಲಿಲ್ಲ.”

“ಏನಾದ್ರೂ ಅಂದ್ರಾ?”

“ಏನೂ ಇಲ್ಲ.”

ಐದು ನಿಮಿಷ. ಮೂರು ಬಂದದ್ದು ಅದಕ್ಕೆ ಮೊದಲೋ, ಆಮೇಲೋ? ಗಡಿಯಾರ ಯಾರು ನೋಡಿದ್ದರು? ಗೊತ್ತಾಯಿತೋ ಇಲ್ಲವೋ, ಕೇಳುತ್ತಲೇ ಹೋದರೋ? ಮೆಟ್ಟಿಲ ಮೇಲೆ ಕೂತು ಅತ್ತೆ. ನನ್ನ ಮೇಲೆ, ಮಾವನ ಮೇಲೆ, ಬಾಯಿಬಿಡದ ಆ ಲಾಂಡ್ರಿಯ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದೇ ಒಂದು ದಿನ ಮೊದಲು ಮಾವನನ್ನು ಕೆಣಕಿದ್ದರೆ ಏನಾಗುತ್ತಿತ್ತು ನನಗೆ?

ಕೆಳಗೆ ಬಂದಾಗ ಮೂವರೂ ನಿಂತಲ್ಲೇ ನಿಂತಿದ್ದರು. ಆವಿ ಇನ್ನೂ ಬಿಟ್ಟಿರಲಿಲ್ಲ, ಒಂದು ತುಂಡು ಬಟ್ಟೆಯೂ ಒಣಗಿರಲಿಲ್ಲ, ಹಿಂದಿನ ದಿನದ್ದೆಲ್ಲ ಆ ಸಂಜೆಯೇ ವಾರ್ಡುಗಳಿಗೆ ಹೋಗಿತ್ತು. ಮಡಿಸುವ ಮೇಜನ್ನು ನಾನೇ ಒರೆಸಿ ಬಿಟ್ಟಿದ್ದೆ.

ಮೇಜಿನ ಎಡಮೂಲೆಯಲ್ಲಿ ಒಂದು ಚಾದರ ಇತ್ತು. ಅಂಚು ಒಳಗೆ ಮಾಡಿ ಮಡಿಸಿದ್ದು. ಮೇಲಿನ ತುದಿಯನ್ನು ಕಿವಿಯ ಹಾಗೆ ಮಗುಚಿದ್ದು.

ಕೈ ಇಟ್ಟೆ. ಬೆಚ್ಚಗಿತ್ತು. ಕಿವಿಯನ್ನು ಬಿಚ್ಚದೆ ಚಾದರವನ್ನು ಕಪಾಟಿನೊಳಗಿಟ್ಟು ಬಂದು, ಚೀಟಿ ಬರೆದು ಬಾಯ್ಲರ್ ಪಕ್ಕದ ಮೊಳೆಗೆ ಸಿಕ್ಕಿಸಿದೆ. ‘ಒಳಗೆ ಯಾರೂ ಇಲ್ಲ. ಆವಿ ಬಿಡು.’